ಮಂಗಳಗೌರಿ ಆಂಟಿಯ ಸ್ಟೀಲ್ ಡಬ್ಬಿ

ಇಲಿಯ ಹಿಕ್ಕೆ ಒಣಗಿಸಲು ತುಮಕೂರಿನ ಶೆಟ್ಟಿಹಳ್ಳಿಯ ಬಿಸಿಲಿಗಿಂತ ಒಳ್ಳೆಯ ಬಿಸಿಲು ಎಲ್ಲೂ ಸಿಗುವುದಿಲ್ಲ. ಈ ಮಾತನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ. ನಗುವವರು ನಗಲಿ, ನನಗೇನು? ಒಂದು ಕಾಲದಲ್ಲಿ ನನ್ನ ಇಡೀ ಓದು ಅದೇ ಬಿಸಿಲಿನಲ್ಲಿ, ಆರು ತಟ್ಟೆಗಳಲ್ಲಿ ಒಣಗುತ್ತಿತ್ತು.

ಆಗ ೧೯೯೮. ನಾನು ಉಮಾಮಹೇಶ್ವರಿ, ಗುಬ್ಬಿಯ ಕೊಬ್ಬರಿ ವ್ಯಾಪಾರಿಯ ಮಗಳು, ತುಮಕೂರಿನ ಕಾಲೇಜೊಂದರಲ್ಲಿ ಎಂ.ಫಾರ್ಮ್ ಕೊನೆಯ ವರ್ಷದಲ್ಲಿದ್ದೆ. ನನ್ನ ಥೀಸಿಸ್ಸಿನ ವಿಷಯವನ್ನು ಹೇಳುವುದು ಬಲು ಸುಲಭ. ಕ್ಯಾನ್ಸರ್‌ಗೆ ಕೊಡುವ ಒಂದು ಔಷಧಿಯನ್ನು ಇಲಿಗೆ ಕುಡಿಸಿದರೆ ಅದು ಮೈಯಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಕೊನೆಗೆ ಯಾವ ದಾರಿಯಲ್ಲಿ ಹೊರಗೆ ಬರುತ್ತದೆ, ಅಷ್ಟೇ. ಮಾಡುವುದು ಮಾತ್ರ ಸುಲಭವಲ್ಲ. ಇಲಿಯನ್ನು ಜಾಲರಿ ತಳದ ಪಂಜರದಲ್ಲಿ ಕೂರಿಸಿ, ಉಚ್ಚೆ ಒಂದು ಸೀಸೆಗೆ, ಹಿಕ್ಕೆ ಇನ್ನೊಂದು ಸೀಸೆಗೆ ಬೀಳುವಂತೆ ಮಾಡಿ, ಎರಡನ್ನೂ ಒಂದು ಚೂರೂ ಚೆಲ್ಲದಂತೆ ಹಿಡಿಯಬೇಕು. ಆಮೇಲೆ ರಕ್ತ, ಲಿವರ್, ಕಿಡ್ನಿ, ಶ್ವಾಸಕೋಶ ಎಲ್ಲದರಲ್ಲೂ ಔಷಧಿ ಎಷ್ಟಿದೆ ಎಂದು ನೋಡಬೇಕು. ಮನೆಯಲ್ಲಿ ಮೊಟ್ಟೆಯನ್ನೂ ಕಾಣದೆ ಬೆಳೆದವಳು ನಾನು. ಮೊದಲ ಇಲಿಯನ್ನು ಕುಯ್ದ ದಿನ ಅತ್ತುಬಿಟ್ಟೆ. ಆಮೇಲೆ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಆ ಇಲಿಗೊಂದು ನಮಸ್ಕಾರ ಹೇಳಿ ಮತ್ತೆ ಕೆಲಸಕ್ಕೆ ಕೂತೆ. ಗುಬ್ಬಿಯಲ್ಲಿ ನಮ್ಮಮ್ಮ ನೆಂಟರ ಮುಂದೆ, "ಬೇರೆಯೋರ ಮಕ್ಳೆಲ್ಲ ಪುಸ್ತಕ ಓದ್ತವೆ, ನಮ್ಮೋಳು ಇಲಿ ಉಚ್ಚೆ ಓದ್ತವ್ಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ನನ್ನ ಗೈಡ್ ದಯಾನಂದ ಸರ್ ಒಂದೇ ಮಾತನ್ನು ಹಿಡಿದುಕೊಂಡಿದ್ದರು. "ಕೊಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆ ಆಗ್ಬೇಕು ಕಣಮ್ಮ. ಇಲಿ ಏನು ಔಷಧಿನ ಬ್ಯಾಂಕಲ್ಲಿ ಇಟ್ಟಿರಲ್ಲ."

ನನ್ನದು ತಾಳೆಯಾಗುತ್ತಿರಲಿಲ್ಲ. ಔಷಧಿ ಕೊಟ್ಟ ದಿನ ಲಿವರ್ ತುಂಬ ಅದೇ ಇತ್ತು, ಕಿಡ್ನಿಯಲ್ಲೂ ಇತ್ತು. ವಾರ ಬಿಟ್ಟು ನೋಡಿದ ಇಲಿಗಳ ಒಳಗೆ ಎಲ್ಲಿ ಹುಡುಕಿದರೂ ಯಂತ್ರಕ್ಕೆ ಏನೂ ಕಾಣಲಿಲ್ಲ. ಸರಿ, ಹೊರಗೆ ಹೋಗಿದೆ. ಆದರೆ ಉಚ್ಚೆಯಲ್ಲಿ ಸಿಕ್ಕಿದ್ದು ಬರೀ ಚೂರುಪಾರು. ಹಾಗಾದರೆ ಉಳಿದದ್ದೆಲ್ಲ ಎಲ್ಲಿ? ಪಿತ್ತದ ಜೊತೆ ಕರುಳಿಗಿಳಿದು ಹಿಕ್ಕೆಯಲ್ಲೇ ಬಂದಿರಬೇಕು. ನನ್ನ ಥೀಸಿಸ್ಸಿನ ಪ್ರಾಣ ಇದ್ದದ್ದೇ ಆ ಹಿಕ್ಕೆಯಲ್ಲಿ.

ಅದನ್ನು ಪರೀಕ್ಷೆಗೆ ಹಾಕುವ ಮೊದಲು ಒಣಗಿಸಿ ಪುಡಿ ಮಾಡಬೇಕು. ಅದೇ ಹೊತ್ತಿಗೆ ಕಾಲೇಜಿನ ಒಣಗಿಸುವ ಓವನ್ ಸುಟ್ಟುಕೊಂಡಿತು. ಬೆಂಗಳೂರಿನಿಂದ ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಸತಾಯಿಸುತ್ತಿದ್ದ. ಕಾಯಲು ನನಗೆಲ್ಲಿ ತಾಳ್ಮೆ? ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸ್ ಹಾಕಿ ಎಲ್ಲವನ್ನೂ ಕುಟ್ಟಿ, ತೂಗಿ, ತೂಕ ಬರೆದಿಟ್ಟೆ. ಶೆಟ್ಟಿಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮಹಡಿಯ ರೂಮಿಗೆ ಅದನ್ನು ತಂದು, ನೀರಿನ ಟ್ಯಾಂಕಿನ ಪಕ್ಕದಲ್ಲಿ ಆರು ಇಲಿಯದನ್ನು ಆರು ತಟ್ಟೆಗಳಲ್ಲಿ ಹರಡಿದೆ. ಪ್ರತಿ ತಟ್ಟೆಯ ಪಕ್ಕದಲ್ಲೂ ಯಾವ ಇಲಿಯದು ಎಂದು ಬರೆದ ಚೀಟಿ, ಚೀಟಿಯ ಮೇಲೊಂದು ಕಲ್ಲು. ಎಲ್ಲದರ ಮೇಲೆ ತೆಳುವಾದ ಪಂಚೆ. ನೋಡಿದವರಿಗೆ ಅದು ಕಷಾಯದ ಪುಡಿಯ ಹಾಗೇ ಕಾಣುತ್ತಿತ್ತು.

ಕೆಳಗಿನ ಮನೆಯಲ್ಲಿ ನಮ್ಮ ಓನರ್ ಮಂಗಳಗೌರಿ ಆಂಟಿ. ಬಾಯಲ್ಲಿ ಮಾತು, ಕೈಯಲ್ಲಿ ಕೆಲಸ, ಎರಡೂ ಒಟ್ಟಿಗೆ ನಡೆಯದೆ ಅವರನ್ನು ನೋಡಿದವರಿಲ್ಲ. ದಿನಕ್ಕೆರಡು ಸಲ ಲಿಂಗಪೂಜೆ. ರೂಮಿನಲ್ಲಿ ಈರುಳ್ಳಿ ಹೆಚ್ಚಿದರೂ ಕೆಳಗಿನಿಂದಲೇ ಗೊತ್ತುಮಾಡಿಕೊಳ್ಳುವ ಮೂಗು. ಅಂಥವರ ಮಹಡಿಯ ಮೇಲೆ ಇಲಿಯ ಹಿಕ್ಕೆ ಹರಡಿದ್ದೇನೆ ಎಂದು ಹೇಳುವುದಕ್ಕೆ ನನಗೇನು ಹುಚ್ಚೇ? ಸಂಡಿಗೆ ಹಾಕಲು ಮೇಲೆ ಬಂದವರು ಕೇಳಿಯೇಬಿಟ್ಟರು.

"ಇದೇನೇ ಉಮಾ, ಪುಡಿ?"

"ಕ್ಯಾನ್ಸರ್ ಔಷಧಿ ಇದೆ ಆಂಟಿ ಅದ್ರಲ್ಲಿ. ಕಾಲೇಜಿನ ಕೆಲಸ. ಮುಟ್ಬೇಡಿ."

ಅದರಲ್ಲಿ ಸುಳ್ಳೇನಿದೆ ಹೇಳಿ?

ಆಂಟಿ ಸಂಡಿಗೆ ಹಿಟ್ಟಿನ ಪಾತ್ರೆಯನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟರು. "ನಮ್ಮಕ್ಕಂಗೂ ಅದೇ ಆಗಿತ್ತಲ್ಲೇ" ಎಂದರು. ಕುಣಿಗಲ್ಲಿನಲ್ಲಿರುವ ಅವರ ಅಕ್ಕ ಬಸವಲಿಂಗಮ್ಮನಿಗೆ ನಾಲ್ಕು ವರ್ಷದ ಹಿಂದೆ ಎದೆಯಲ್ಲಿ ಗಂಟಾಗಿ, ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಆಮೇಲೆ ತಿಂಗಳುಗಟ್ಟಲೆ ಔಷಧಿ ಕೊಟ್ಟಿದ್ದರಂತೆ. ಕಾಯಿಲೆ ವಾಸಿಯಾಯಿತು, ಉದುರಿದ ಕೂದಲೂ ಬಂತು. "ಆದ್ರೆ ನಮ್ಮಕ್ಕ ವಾಪಸ್ ಬರ್ಲಿಲ್ಲ ಕಣೇ. ಆ ಔಷಧಿ ವಿಷ ಇನ್ನೂ ಮೈಯೊಳಗೈತೆ ಅಂತಾಳೆ. ತನ್ನ ತಟ್ಟೆ ಬೇರೆ, ಲೋಟ ಬೇರೆ. ಅಡುಗೆಮನೆಗೆ ಕಾಲಿಡಲ್ಲ. ಮೊಮ್ಮಗು ಕೃತಿಕಾ ಹುಟ್ಟಿ ಎರಡು ವರ್ಷದ ಮೇಲಾಯ್ತು, ಒಂದಿನ ಎತ್ಕೊಂಡಿಲ್ಲ. ನಮ್ಮಕ್ಕನ ಕೈ ತಂಬಿಟ್ಟು ತಿನ್ನೋಕೆ ಮಠದಿಂದ ಸ್ವಾಮಿಗಳು ಹೇಳಿ ಕಳಿಸ್ತಿದ್ರು. ಈಗ ಆ ಕೈ ಸುಮ್ನೆ ಮಡಿಲಲ್ಲಿ ಬಿದ್ದಿರ್ತದೆ." ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡರು.  ನಾನು ಹಾರುತ್ತಿದ್ದ ಪಂಚೆಯ ಅಂಚಿಗೆ ಇನ್ನೊಂದು ಕಲ್ಲಿಟ್ಟೆ.

ಭಾನುವಾರ ಊರಿಗೆ ಹೋದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡುವವಳಿದ್ದೆ. ಅಮ್ಮ ಬಿಡಬೇಕಲ್ಲ! ಮಠಕ್ಕೆ ಹೋಗಿ ಗದ್ದುಗೆಗೆ ಕೈಮುಗಿದೇ ಹೋಗಬೇಕು ಎಂದು ಹಿಡಿದು ಕೂರಿಸಿದಳು. ಭಾನುವಾರ ಸಂಜೆ ಗುಬ್ಬಿಯಲ್ಲಿ ನಾಲ್ಕು ಹನಿ ಬಿದ್ದಾಗಿನಿಂದ ನಾನು ಗಳಿಗೆಗೊಮ್ಮೆ ಮೋಡ ನೋಡುತ್ತಿದ್ದೆ. ಗದ್ದುಗೆಯ ಮುಂದೆ ನಿಂತು ನಾನು ಬೇಡಿಕೊಂಡಿದ್ದು ಒಂದೇ, ಶಿವನೇ, ಶೆಟ್ಟಿಹಳ್ಳಿಯಲ್ಲಿ ಮಳೆ ಬರದೇ ಇರಲಿ.

ಮಧ್ಯಾಹ್ನ ಶೆಟ್ಟಿಹಳ್ಳಿಗೆ ಬಂದವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನೋಡುತ್ತೇನೆ, ಟ್ಯಾಂಕಿನ ಪಕ್ಕದಲ್ಲಿ ತಟ್ಟೆಗಳೇ ಇಲ್ಲ! ಸಂಡಿಗೆಯೂ ಇಲ್ಲ. ಟ್ಯಾಂಕಿನ ನೆರಳಲ್ಲಿ ನೆಲ ಇನ್ನೂ ಒದ್ದೆ.  ಹಾಗೇ ಕೆಳಗಿಳಿದು ಬಂದು ಬಾಗಿಲಲ್ಲೇ ಕೂಗಿದೆ.

"ಆಂಟಿ! ಮೇಲಿದ್ದ ತಟ್ಟೆಗಳೆಲ್ಲಿ?"

"ಬಂದ್ಯಾ! ಬಾರೇ ಬಾ. ನಾನಿಲ್ದಿದ್ರೆ ನಿನ್ನ ಔಷಧಿಯೆಲ್ಲ ಚರಂಡಿ ಪಾಲಾಗ್ತಿತ್ತು. ಮಳೆ ಹನಿ ಟಪ್ ಅಂದಿದ್ದೇ ತಡ, ನನ್ ಸಂಡಿಗೆ ಹಾಳಾಗೋಗ್ಲಿ ಅಂತ ಮೊದ್ಲು ನಿಂದೇ ಎತ್ದೆ."

ಆ ಬೀದಿಯ ಕಾನೂನೇ ಅದು. ಮಳೆ ಹನಿದರೆ ಯಾರ ಮಹಡಿಯ ಮೇಲೆ ಏನು ಒಣಗುತ್ತಿದ್ದರೂ ಕೈಗೆ ಸಿಕ್ಕವರು ಎತ್ತಿಡಬೇಕು. ಮೆಣಸಿನಕಾಯಿಯೋ ಹಪ್ಪಳವೋ ಎಂದು ಯಾರೂ ಕೇಳುವುದಿಲ್ಲ. ಆಂಟಿ ಅಡುಗೆಮನೆಗೆ ಹೋಗಿ, ಅವರಮ್ಮನ ಕಾಲದ ದೊಡ್ಡ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಮುಚ್ಚಳ ತೆಗೆದರೆ ಆರು ಇಲಿಯದೂ ಒಂದೇ ಡಬ್ಬಿಯಲ್ಲಿ.

"ಒಂದು ಚೂರೂ ಚೆಲ್ಲಿಲ್ಲ, ಚೆನ್ನಾಗಿ ಬೆರೆಸಿ ತುಂಬಿದೀನಿ, ಮುಗ್ಗು ಹಿಡೀಬಾರ್ದು ಅಂತ. ಚೀಟಿ ಕೂಡ ಬಿಸಾಕಿಲ್ಲ ನೋಡು, ಎಲ್ಲಾ ಜೋಪಾನವಾಗಿಟ್ಟಿದೀನಿ." ರಬ್ಬರ್ ಬ್ಯಾಂಡ್ ಹಾಕಿದ ಆರು ಚೀಟಿಗಳನ್ನು ನನ್ನ ಕೈಗಿಟ್ಟರು.

ಅಯ್ಯೋ ಶಿವನೇ! ಮೈಯೆಲ್ಲ ಉರಿದುಹೋಯಿತು. ಯಾವ ಇಲಿಯದು ಯಾವುದು ಎಂದು ಇನ್ನು ಬ್ರಹ್ಮ ಬಂದರೂ ಹೇಳಲಾರ. ಕೂಗಾಡಿಬಿಡೋಣ ಎಂದು ಬಾಯಿ ತೆರೆದೆ. ಆಂಟಿ ಶಾಭಾಷ್ ಅನ್ನಿಸಿಕೊಳ್ಳಲು ನಿಂತ ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ತೆರೆದ ಬಾಯನ್ನು ಮುಚ್ಚಿಕೊಂಡೆ.

"ಒಂಚೂರು ಕಮ್ಮಿ ಆಗಿರ್ತದೆ, ಬೇಜಾರಾಗ್ಬೇಡ" ಎಂದರು ಆಂಟಿ ಮೆಲ್ಲಗೆ. "ಎರಡು ಚಮಚ ಪೊಟ್ಟಣ ಕಟ್ಟಿ ಅಕ್ಕಂಗೆ ಕಳಿಸ್ದೆ. ಬೆಳಿಗ್ಗೆ ಸಂಗಮೇಶ ಕುಣಿಗಲ್ ಮೇಲೆ ಹಾಸನಕ್ಕೆ ಹೋಗೋನಿದ್ದ, ಅವನ ಕೈಲಿ ಕೊಟ್ಟೆ. ಕ್ಯಾನ್ಸರ್ ಔಷಧಿ ಅಂದ್ಯಲ್ಲ. ಹೊಸ ಔಷಧಿ ಹಳೇ ವಿಷಾನ ಎಳೀಬಹುದು ಅಂತ."

ಸಂಗಮೇಶ ಅವರ ಮಗ. ನನಗೆ ಥೀಸಿಸ್ಸು, ಚೀಟಿ, ದಯಾನಂದ ಸರ್ ಎಲ್ಲ ಮರೆತೇಹೋಯಿತು.

"ಕುಡಿದುಬಿಟ್ರಾ ಆಂಟಿ?"

"ಎಲ್ಲಿ ಕುಡೀತಾಳೆ, ಇವತ್ತು ಸೋಮವಾರ ಅಲ್ವಾ? ಒಪ್ಪತ್ತು. ಸಾಯಂಕಾಲ ಪೂಜೆ ಆಗೋವರ್ಗೂ ಹನಿ ನೀರೂ ಮುಟ್ಟಲ್ಲ. ಪೂಜೆ ಆದ್ಮೇಲೆ ಬಿಸಿನೀರಲ್ಲಿ ಕದಡಿ ಕುಡಿ ಅಂತ ಹೇಳಿ ಕಳಿಸಿದೀನಿ."

"ಕುಡಿಯೋ ಹಾಗಿಲ್ಲ ಆಂಟಿ! ಜೀವಕ್ಕೆ ಅಪಾಯ!"

ಆಂಟಿಯ ಮುಖ ಬಿಳಿಚಿಕೊಂಡಿತು. ಅಕ್ಕನ ಮನೆಯಲ್ಲಿ ಫೋನಿಲ್ಲ. ಅವರ ಮನೆ ಎದುರಿನ ದಿನಸಿ ಅಂಗಡಿಯಲ್ಲಿ ಇದೆ, ಆದರೆ ಸೋಮವಾರ ಅಂಗಡಿಗೆ ರಜ. ಎಸ್‌ಟಿಡಿ ಬೂತಿನಲ್ಲಿ ನಿಂತು ಮಾಡಿಯೇ ಮಾಡಿದೆವು, ಆ ಕಡೆ ಗಂಟೆ ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಸಾಯಂಕಾಲದ ಪೂಜೆಯೊಳಗೆ ನಾವೇ ಕುಣಿಗಲ್ ಮುಟ್ಟಬೇಕು, ಬೇರೆ ದಾರಿಯಿಲ್ಲ. ಆಂಟಿ ಉಟ್ಟ ಸೀರೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಓಡಿದರು.

ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಆದರೆ ಆಂಟಿಯ ಬಾಯಿ ಕಟ್ಟಿಹಾಕುವವರು ಯಾರು? ಹೆದರಿಕೆಯಾದರೆ ಅವರಿಗೆ ಮಾತು ಇನ್ನೂ ಜಾಸ್ತಿ. ಊರು ದಾಟುವಷ್ಟರಲ್ಲಿ ಅರ್ಧ ಬಸ್ಸಿಗೆ ಗೊತ್ತಾಗಿತ್ತು, ಇವಳು ಕ್ಯಾನ್ಸರ್‌ಗೆ ಔಷಧಿ ಮಾಡುವ ಹುಡುಗಿ, ಮಹಡಿಯ ಮೇಲೆ ಒಣಗಿಸುತ್ತಾಳೆ, ಬಲು ಜೋರಿನ ಔಷಧಿ, ಅಳತೆ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ. ಮುಂದಿನ ಸೀಟಿನ ಮುದುಕಪ್ಪ ಇಡೀ ಮೈಯನ್ನೇ ಹಿಂದಕ್ಕೆ ತಿರುಗಿಸಿದ. ಹೆಸರು ಅಡವಿಯಪ್ಪ ಎಂದು ತಾನೇ ಹೇಳಿಕೊಂಡ.

"ಮಂಡಿನೋವ್ಗೆ ಆಯ್ತದಾ ಮಗ?"

"ಆಗಲ್ಲ ತಾತ."

"ಒಂದ್ ಚಿಟಿಕೆ ಕೊಟ್ ನೋಡು, ಆಗ್ದಿದ್ರೆ ಬುಡು."

"ತಾತ, ಅದು ತಿನ್ನೋ ಪದಾರ್ಥ ಅಲ್ಲ!"

"ಹಚ್ಕಂತೀನಿ ಬುಡು, ಅದ್ಕೇನು."

ಆಂಟಿ ಅವನ ಪರವಾಗಿ ವಕೀಲಿಕೆಗೆ ನಿಂತರು. "ಪಾಪ, ವಯಸ್ಸಾದೋರು. ಡಬ್ಬಿ ತುಂಬಾ ಐತಲ್ಲೇ ಮನೇಲಿ, ಒಂದಿಷ್ಟು ಕೊಟ್ರೆ ನಿನ್ನ ಗಂಟೇನ್ ಹೋಗ್ತದೆ?" ನಾನು ಕಿಟಕಿಯ ಕಡೆ ಮುಖ ತಿರುಗಿಸಿ ತುಟಿ ಕಚ್ಚಿಕೊಂಡೆ. ನಗುವೋ ಅಳುವೋ, ಯಾವುದು ಮೊದಲು ಬರುತ್ತದೋ ನನಗೇ ಗೊತ್ತಿರಲಿಲ್ಲ.

ಹೆಬ್ಬೂರಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಕೆಳಗಿಳಿದು ಟೀ ಅಂಗಡಿಯ ಬೆಂಚಿನ ಮೇಲೆ ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತ. ಕಂಡಕ್ಟರ್ ಬೋಂಡಾ ಹೇಳಿದ. ನೆರಳು ಉದ್ದವಾಗುತ್ತಿತ್ತು. ಇಷ್ಟು ಹೊತ್ತು ಬಸ್ಸಿಗೆಲ್ಲ ಕೇಳುವಂತೆ ಮಾತಾಡಿದ ಆಂಟಿ ದನಿ ತಗ್ಗಿಸಿ ನನ್ನ ಕೈ ಹಿಡಿದುಕೊಂಡರು. 

"ಉಮಾ, ಅಮ್ಮ ಹೋದ್ಮೇಲೆ ನನ್ನ ಸಾಕಿದ್ದೇ ಅವಳು ಕಣೇ. ಕಾಯಿಲೆಗೆ ಸಿಕ್ಕಿ ಬದುಕಿ ಬಂದೋಳ್ನ ನನ್ ಕೈಯಾರೆ..." ಎನ್ನುತ್ತಾ ಡ್ರೈವರ್ ಕಡೆ ನೋಡಿದರು.

ನನಗೆ ತಡೆಯಲಾಗಲಿಲ್ಲ. ಸೀದಾ ಇಳಿದು ಟೀ ಅಂಗಡಿಗೆ ಹೋದೆ. "ಏನ್ರೀ, ಅಲ್ಲೊಂದು ಜೀವ ಹೋಗೋ ಹೊತ್ತಲ್ಲಿ ನಿಮಗೆ ಬೋಂಡಾ ಬೇಕಾ? ಬಸ್ ಹತ್ತೀರಾ, ಇಲ್ಲ ನಾನೇ ಓಡಿಸ್ಲಾ?" ಅಡವಿಯಪ್ಪ ಕಿಟಕಿಯಿಂದಲೇ, "ಓಡುಸ್ತಾಳೆ ಕಣ್ಲಾ, ನಂಬಬೋದು" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಡ್ರೈವರ್ ಟೀ ಗ್ಲಾಸನ್ನು ಅರ್ಧಕ್ಕೇ ಇಟ್ಟು ಎದ್ದ. ಪುಣ್ಯಾತ್ಮ, ಅಲ್ಲಿಂದ ಮುಂದೆ ಮಾತ್ರ ಹಾರಿಸಿಕೊಂಡು ಹೋದ.

ಕುಣಿಗಲ್ಲಿನಲ್ಲಿ ಇಳಿದಾಗ ಕೆರೆಯ ನೀರು ಕೆಂಪಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಕೆರೆ ಏರಿಯ ಕಡೆಯ ಬೀದಿಗೆ ಇಬ್ಬರೂ ಓಡಿದೆವು. ಹಿಂದಿನಿಂದ ಆಂಟಿ, "ನೀನು ಹೋಗೇ, ಬೇವಿನಮರದ ಮನೆ, ನೀನು ಹೋಗೇ" ಎಂದು ಏದುಸಿರಿನಲ್ಲೇ ಅಟ್ಟುತ್ತಿದ್ದರು. ಬೇವಿನಮರದ ಕೆಳಗೆ ಬಸವಲಿಂಗಮ್ಮನ ಸೊಸೆ ಪಲ್ಲವಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದಳು.

"ಅತ್ತೆ ಎಲ್ಲಿ?"

"ಪೂಜೆಗೆ ಕೂತವ್ರೆ. ಯಾರು ನೀವು?"

ಉತ್ತರ ಕೊಡಲು ನಿಲ್ಲಲಿಲ್ಲ. ದೇವರಮನೆಯ ಬಾಗಿಲು ತೆರೆದಿತ್ತು. ಬೆಳ್ಳಗೆ ತೆಳ್ಳಗಿದ್ದ ಹೆಂಗಸೊಬ್ಬರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತಿದ್ದರು. ಮುಂದೆ ದೀಪ, ಪತ್ರೆ, ಅದರ ಪಕ್ಕದಲ್ಲೇ ಅರ್ಧ ಪುಡಿ ಕದಡಿಟ್ಟ, ಹಬೆಯಾಡುವ ಲೋಟ. ಲೋಟದ ಪಕ್ಕದಲ್ಲಿ ಬಿಚ್ಚಿದ ಪೊಟ್ಟಣದಲ್ಲಿ ಉಳಿದ ಪುಡಿ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕಣಗಿಲೆ ಹೂವು! ನನ್ನ ಆರು ಇಲಿಗಳ ಹಿಕ್ಕೆಗೆ ಪೂಜೆ ಆಗಿಹೋಗಿತ್ತು. ಬಸವಲಿಂಗಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಲ್ಲಿಟ್ಟು, ಬಲಗೈಯನ್ನು ಲೋಟದ ಕಡೆ ಚಾಚಿದರು. ನಾನು ಬೀದಿಯ ಧೂಳು ಮೆತ್ತಿದ ಕಾಲಲ್ಲೇ ಒಳಗೆ ನುಗ್ಗಿ ಲೋಟವನ್ನು ಎತ್ತಿಕೊಂಡುಬಿಟ್ಟೆ.

ಬಾಗಿಲಲ್ಲಿ ಆಂಟಿ ಬಂದು ಗೋಡೆ ಹಿಡಿದುಕೊಂಡರು. "ಕುಡಿದ್ಯಾ ಅಕ್ಕಾ?"

"ಎಲ್ಲೆ ಕುಡಿಯಾನ, ಕಿತ್ಕಂಡ್ಲಲ್ಲ!" ಎಂದರು ಬಸವಲಿಂಗಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಯಾರವ್ವ ನೀನು? ಕಾಲೂ ತೊಳೀದೆ ದೇವರಮನೇಗೆ ಬಂದು ನನ್ ಔಸ್ದಿ ಕಿತ್ಕಳಾಳು?"

ಇಷ್ಟು ದೂರ ಬರುವಾಗ ಹೇಳಲು ಎಷ್ಟೊಂದು ಮಾತು ಜೋಡಿಸಿಕೊಂಡಿದ್ದೆ. ಅಳತೆ ಸರಿಯಿಲ್ಲ ಎನ್ನಬೇಕು, ಇನ್ನೂ ಪರೀಕ್ಷೆಯಾಗಿಲ್ಲ ಎನ್ನಬೇಕು. ಆ ಹೂವು, ಆ ವಿಭೂತಿ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ರೂಮು ಹೋದರೆ ಹೋಗಲಿ ಎಂದುಕೊಂಡೆ.

"ದೊಡ್ಡಮ್ಮ, ಇದು ಔಷಧಿ ಅಲ್ಲ. ಔಷಧಿ ಕುಡಿದ ಇಲಿಯ ಹಿಕ್ಕೆ."

 ಮೊದಲು ಚೀತ್ಕಾರ ಬಂದದ್ದು ಆಂಟಿಯಿಂದ.

"ನನ್ ಡಬ್ಬಿ! ಅಮ್ಮನ್ ಕಾಲದ್ ಡಬ್ಬಿ! ಸಕ್ಕರೆ ಡಬ್ಬಿ ಪಕ್ಕದಲ್ಲಿಟ್ಟಿದೀನಲ್ಲೇ! ಮೂಸಿ ಬೇರೆ ನೋಡ್ದೆ, ಸೊಪ್ಪಿನ ವಾಸನೆ ಚೆನ್ನಾಗೈತೆ ಅಂದೆ! ಏನ್ಲೇ ಉಮಾ, ನಿನ್ನ ಮನೆ ಹಾಳಾಗ!"

ಬಸವಲಿಂಗಮ್ಮ ಪೊಟ್ಟಣವನ್ನು ನೋಡಿದರು. ಅದರ ಮೇಲಿನ ಹೂವನ್ನು ನೋಡಿದರು. ತಂಗಿಯನ್ನು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಕೊನೆಗೆ ಬಾಯಿ ತೆರೆದು ನಗತೊಡಗಿದರು. ಸೊಸೆ ಪಲ್ಲವಿ ಮಗುವನ್ನು ಎತ್ತಿಕೊಂಡೇ ಕಣ್ಣರಳಿಸಿ ನಿಂತಿದ್ದಳು. ಮದುವೆಯಾಗಿ ಬಂದ ಮೇಲೆ ಅತ್ತೆ ಹೀಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲವಂತೆ.

"ನಗ್ತೀಯಲ್ಲ ಅಕ್ಕಾ!"

"ಇನ್ನೇನ್ ಮಾಡ್ಲಿ? ಒಂದ್ ಗಳಿಗೆ ತಡ ಆಗಿದ್ರೆ ಕುಡಿದ್ಬುಟ್ಟು, ನಮ್ ಮಂಗಳಿ ಎಷ್ಟ್ ಒಳ್ಳೇದ್ ಕಳಿಸವ್ಳೆ ಅಂತ ಬೀದಿಗೆಲ್ಲ ಹೇಳ್ತಿದ್ದೆ."

ನಾನು ಲೋಟ, ಪೊಟ್ಟಣ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಹಾಕಿದೆ. ನೆಲ ಒರೆಸಿದೆ. ದೊಡ್ಡಮ್ಮನ ಕೈಗೆ ಸೋಪು ಕೊಟ್ಟು ಚೆನ್ನಾಗಿ ತೊಳೆಸಿದೆ. ಹಿತ್ತಲಲ್ಲಿ ನೀರು ಹಾಕುತ್ತಿದ್ದಾಗ ಅವರು ಕೇಳಿದರು.

"ಅಲ್ಲ ಮಗ, ಇಲಿ ಔಸ್ದಿ ಕುಡಿದ್ರೆ ಹಿಕ್ಕೇಲಿ ಏನ್ ಹುಡುಕ್ತೀಯ? ಒಳಗಿರ್ತದಲ್ಲ?"

"ಇರಲ್ಲ ದೊಡ್ಡಮ್ಮ, ಅದನ್ನೇ ನೋಡ್ತಿರೋದು. ಮೊದಲು ರಕ್ತಕ್ಕೆ ಹೋಗುತ್ತೆ, ಲಿವರ್‌ಗೆ, ಕಿಡ್ನಿಗೆ ಎಲ್ಲಾ ಕಡೆ ಸುತ್ತುತ್ತೆ. ಕೆಲಸ ಆದ್ಮೇಲೆ ಮೈ ಅದನ್ನ ಇಟ್ಕೊಳ್ಳಲ್ಲ, ಉಚ್ಚೇಲೋ ಹಿಕ್ಕೇಲೋ ತಳ್ಳಿಬಿಡುತ್ತೆ. ವಾರ ಆದ್ಮೇಲೆ ನೋಡಿದ್ರೆ ಇಲಿ ಒಳಗೆ ಯಂತ್ರಕ್ಕೂ ಏನೂ ಸಿಗ್ಲಿಲ್ಲ."

ಅವರ ಕೈ ನೀರಿನ ಕೆಳಗೇ ನಿಂತುಹೋಯಿತು.

"ವಾರಕ್ಕೇನಾ?"

"ಇಲಿಗೆ ವಾರ. ಮನುಷ್ಯರ ಮೈ ಬೇರೆ, ಔಷಧಿ ಬೇರೆ, ಒಂಚೂರು ಹೆಚ್ಚುಕಮ್ಮಿ ಆಗಬಹುದು. ಆದ್ರೆ ನಾಲ್ಕು ವರ್ಷ? ನಿಮ್ಮದು ಯಾವತ್ತೋ ಹೋಗಿದೆ ದೊಡ್ಡಮ್ಮ."

"ಆಸ್ಪತ್ರೇಲಿ ಹೇಳಿದ್ರಲ್ಲವ್ವ. ಮಕ್ಕಳ್ನ ಹತ್ರ ಸೇರಿಸ್ಬೇಡಿ, ನಿಮ್ಮದೆಲ್ಲ ಬೇರೆ ಇಟ್ಕಳಿ ಅಂತ."

"ಅದು ಔಷಧಿ ತಗೊಳ್ಳೋ ದಿನಗಳಲ್ಲಿ ಹುಷಾರಾಗಿರಲಿ ಅಂತ ಹೇಳಿರ್ತಾರೆ. ಜೀವಮಾನ ಪೂರ್ತಿ ಅಂತ ಯಾರು ಹೇಳಿದ್ರು?"

ಬಸವಲಿಂಗಮ್ಮ ನನ್ನ ಮುಖವನ್ನೇ ನೋಡಿದರು. "ಸಾಕು ಅಂತಲೂ ಯಾರೂ ಹೇಳ್ಲಿಲ್ಲವ್ವ" ಎಂದರು.

ನನಗೆ ಆಸ್ಪತ್ರೆಯವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಚ್ಚರಿಕೆ ಹೇಳಲು ಎಲ್ಲರಿಗೂ ಪುರುಸೊತ್ತಿತ್ತು, ಮುಗಿಯಿತು ಹೋಗಿ ಎಂದು ಹೇಳಲು ಒಬ್ಬರಿಗೂ ಇರಲಿಲ್ಲ. ಹಿತ್ತಲಿನ ಬಾಗಿಲಲ್ಲಿ ನಿಂತಿದ್ದ ಮಂಗಳಗೌರಿ ಆಂಟಿ, ಡಬ್ಬಿಯ ದುಃಖವನ್ನೂ ಮರೆತು, ಅಕ್ಕನ ಒದ್ದೆ ಕೈಗೆ ತಮ್ಮ ಸೆರಗು ಚಾಚಿದರು.

ಥೀಸಿಸ್ ಏನಾಯಿತು ಎಂದು ಕೇಳುವವರಿದ್ದಾರೆ, ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ದಯಾನಂದ ಸರ್ ಮೊದಲು ಚೆನ್ನಾಗಿ ಉಗಿದರು. ಔಷಧಿ ಸೇರಿದ ಪದಾರ್ಥವನ್ನು ಮನೆಗೆ ಒಯ್ಯುತ್ತಾರೆಯೇ ಎಂದು ಅವರು ಕೂಗಿದ ಕೂಗು ಪ್ರಿನ್ಸಿಪಾಲರ ರೂಮಿಗೂ ಕೇಳಿಸಿತು. ಉಗಿಯಬೇಕಾದದ್ದೇ. ಆಮೇಲೆ ಡಬ್ಬಿಯೊಳಗೆ ಇಣುಕಿ, "ಬೆರೆತ್ರೆ ಬೆರೀಲಿ ಬಿಡು. ತೂಕ ಮೊದ್ಲೇ ಬರೆದಿದೀಯಲ್ಲ. ಆರೂ ಸೇರಿಸಿ ಒಂದೇ ಲೆಕ್ಕ ತೋರಿಸು, ಹಾಗೇ ಬರಿ" ಎಂದರು. ಆಂಟಿ ಎಷ್ಟು ಚೆನ್ನಾಗಿ ಬೆರೆಸಿದ್ದರೆಂದರೆ ಡಬ್ಬಿಯ ಮೇಲಿನಿಂದ ತೆಗೆದರೂ ಒಂದೇ, ತಳದಿಂದ ತೆಗೆದರೂ ಒಂದೇ. ಕಾಣೆಯಾಗಿದ್ದ ಔಷಧಿ ಅಲ್ಲೇ ಇತ್ತು. ಕೊಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಯಿತು. ರೂಮೂ ಹೋಗಲಿಲ್ಲ. ಆದರೆ ಆ ಡಬ್ಬಿಯನ್ನು ಆಂಟಿ ಮತ್ತೆ ಒಳಗೆ ಸೇರಿಸಲಿಲ್ಲ, ನನ್ನ ಹತ್ತಿರವೇ ಉಳಿಯಿತು.

ಈಗ ಕುಣಿಗಲ್ಲಿಗೆ ವಾಪಸ್ ಬರೋಣ. ಅವತ್ತು ಸಂಜೆ ಬಸವಲಿಂಗಮ್ಮ ಕೈ ಒರೆಸಿಕೊಂಡು ಹಿತ್ತಲಿಂದ ಬಂದವರು, ಅಡುಗೆಮನೆಯ ಹೊಸ್ತಿಲ ಮುಂದೆ ನಿಂತರು. ಒಂದು ಕಾಲನ್ನು ಒಳಗಿಟ್ಟರು.  ಇನ್ನೊಂದು ಕಾಲನ್ನೂ ಒಳಗಿಟ್ಟರು.

"ಪಲ್ಲವೀ, ಹುರಿಗಡಲೆ ಐತಾ? ಬೆಲ್ಲ ಎಲ್ಲಿಟ್ಟಿದೀಯ?"

ಪಲ್ಲವಿ ಕಣ್ಣೀರು ಒರೆಸಿಕೊಳ್ಳುತ್ತಲೇ ಡಬ್ಬಿಗಳನ್ನು ಒಂದೊಂದಾಗಿ ಮುಂದಿಟ್ಟಳು. ಹುರಿಗಡಲೆ ಪುಡಿಯಾಯಿತು, ಬೆಲ್ಲ ಕರಗಿ ಪಾಕವಾಯಿತು, ನಮ್ಮೂರ ಕಡೆಯ ಕೊಬ್ಬರಿ ತುರಿದು ಬಿತ್ತು. ನಾಲ್ಕು ವರ್ಷ ಮಡಿಲಲ್ಲಿ ಬಿದ್ದಿದ್ದ ಕೈ ಅದು, ಹಿಟ್ಟಿಗೆ ಬಿದ್ದ ಕೂಡಲೇ ಎಲ್ಲವೂ ನೆನಪಾಯಿತು. ಹದ ನೋಡಿ ಹಿಡಿದು, ತಿರುಗಿಸಿ, ಮೇಲೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ ಮೊದಲ ತಂಬಿಟ್ಟು ಮಾಡಿದರು. ಆಮೇಲೆ ಅದನ್ನು ಅಂಗೈಯಲ್ಲಿಟ್ಟು ಮಗುವಿನ ಕಡೆ ಚಾಚಿದರು.

"ಬಾರೇ ಕೃತಿಕಾ."

ಮಗು ಬರಲಿಲ್ಲ. ಅಮ್ಮನ ಸೀರೆಯ ಹಿಂದೆ ಸರಿದು, ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿತು. "ಅಜ್ಜಿ ಮುಟ್ಬಾರ್ದು. ಉವ್ವಾ ಆಗ್ತದೆ."

ಪಲ್ಲವಿ ಮುಖ ಮುಚ್ಚಿಕೊಂಡಳು.  ಬಸವಲಿಂಗಮ್ಮ ಮಾತ್ರ ಕೈ ಹಿಂದಕ್ಕೆ ತೆಗೆಯಲಿಲ್ಲ. ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತರು.

"ಹೂಂ ಕಣವ್ವ, ನಾನೇ ಹೇಳಿದ್ದೆ. ಇನ್ ಸಾಕು. ಅಜ್ಜಿ ಉವ್ವಾ ಹೋಯ್ತು."

"ಎಲ್ಲಿಗೆ ಹೋಯ್ತು?"

ಬಸವಲಿಂಗಮ್ಮ ನನ್ನ ಕಡೆ ನೋಡಿದರು. ನಾನು ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಮತ್ತೆ ಅವರ ಹೊಟ್ಟೆ ಕುಲುಕಿತು.

"ದೂರ ಹೋಯ್ತು ಮಗ, ಬಲು ದೂರ. ಈ ಅಕ್ಕ ಹುಡುಕಿ ನೋಡವ್ಳೆ, ಎಲ್ಲೂ ಇಲ್ವಂತೆ."

ಕೃತಿಕಾ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅಮ್ಮನನ್ನು ನೋಡಿದಳು. ಸೀರೆ ಬಿಟ್ಟು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದು, ತಂಬಿಟ್ಟಿಗೆ ಕೈ ಹಾಕದೆ ಸೀದಾ ಅಜ್ಜಿಯ ಚಾಚಿದ ಕಾಲಿನ ಮೇಲೆ ಕೂತು ಬಾಯಿ ತೆರೆದಳು. ಮೊಮ್ಮಗಳಿಗೆ ತಿನ್ನಿಸುವುದು ಬಸವಲಿಂಗಮ್ಮನಿಗೆ ಅದೇ ಮೊದಲು, ಅರ್ಧ ತಂಬಿಟ್ಟು ಮಗುವಿನ ಗಲ್ಲಕ್ಕೇ ಮೆತ್ತಿಕೊಂಡಿತು.

"ಇನ್ನೊಂದು" ಎಂದಳು ಕೃತಿಕಾ, ಬಾಯಲ್ಲಿದ್ದದ್ದು ಮುಗಿಯುವ ಮೊದಲೇ.